ಲೇಸರ್‌ಗೆ ಅರ್ಧ ತಾಸು, ವಾಸಿಯಾಗಲು ಮೂರು ತಿಂಗಳು

ಮೊಡವೆ ಹೋದ ಮೇಲೂ ಕೆನ್ನೆಯಲ್ಲಿ ಗುಳಿಗಳು ಉಳಿಯುತ್ತವೆ. ಚಿಕನ್‌ಪಾಕ್ಸ್ ಬಂದು ಹೋದ ಗುರುತು, ಚಿಕ್ಕಂದಿನಲ್ಲಿ ಒಲೆಯ ಹತ್ತಿರ ಸುಟ್ಟುಕೊಂಡ ಕಲೆ ವರ್ಷಗಟ್ಟಲೆ ಹಾಗೆಯೇ ಇರುತ್ತವೆ. ಇಂಥ ಕಲೆಗಳಿಗೆ ಲೇಸರ್ ಚಿಕಿತ್ಸೆ ಇದೆ ಎಂಬ ಸುದ್ದಿ ಈಗ ಸೂಡಿ, ಗಜೇಂದ್ರಗಡ, ರೋಣದ ಮನೆಗಳಿಗೂ ತಲುಪಿದೆ. ಬೆಳಿಗ್ಗೆ ಬಸ್ಸಿಗೆ ಗದಗಕ್ಕೋ ಹುಬ್ಬಳ್ಳಿಗೋ ಹೋಗಿ, ಚಿಕಿತ್ಸೆ ಮಾಡಿಸಿಕೊಂಡು ಸಂಜೆಗೆ ಮರಳುವವರಿದ್ದಾರೆ. ಹೋಗುವ ಮೊದಲು ನನ್ನ ದವಾಖಾನೆಗೆ ಬಂದು ಸಲಹೆ ಕೇಳುವವರೂ ಇದ್ದಾರೆ. ಅವರ ಪ್ರಶ್ನೆಗಳು ಹೆಚ್ಚಾಗಿ ಎರಡೇ: ಖರ್ಚು ಎಷ್ಟು? ಕಲೆ ಪೂರ್ತಿ ಹೋಗುತ್ತದೆಯೇ? ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂದು ಕೇಳುವವರು ಬಹಳ ಕಡಿಮೆ.

ನಾನು ಯುನಾನಿ ವೈದ್ಯ. ಲೇಸರ್ ನನ್ನ ವಿದ್ಯೆಯಲ್ಲ, ಅದನ್ನು ನಾನು ಮಾಡುವುದೂ ಇಲ್ಲ. ಚರ್ಮರೋಗದಲ್ಲಿ ಪದವಿ ಪಡೆದ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್‌ಗಳೇ ಅದನ್ನು ಮಾಡಬೇಕು. ಆದರೆ ಚಿಕಿತ್ಸೆಯ ಅನಂತರದ ದಿನಗಳು ಮನೆಯಲ್ಲಿ ಕಳೆಯುತ್ತವೆ. ಆಗ ಏನಾದರೂ ತೊಂದರೆಯಾದರೆ ಜನ ಮೊದಲು ಬರುವುದು ನಮ್ಮಂಥ ಊರ ವೈದ್ಯರ ಬಳಿಗೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಲೇಸರ್‌ನ ಅರ್ಧ ಚಿಕಿತ್ಸೆ ಆಸ್ಪತ್ರೆಯಲ್ಲಿ, ಉಳಿದರ್ಧ ಮನೆಯಲ್ಲಿ. ಆ ಉಳಿದರ್ಧಕ್ಕೆ ಬೇಕಾದ ಬಿಡುವನ್ನು ಕೊಡಲು ಮನೆಯವರು ಸಿದ್ಧರಿಲ್ಲದಿದ್ದರೆ ಹಣ ಕಟ್ಟಲೇಬೇಡಿ.

ಲೇಸರ್ ಮಾಡುವುದೇನು?

ಕಲೆಗಳಿಗೆ ಬಳಸುವ ಮುಖ್ಯ ಯಂತ್ರಗಳಲ್ಲಿ ಒಂದು ಕಾರ್ಬನ್ ಡೈಆಕ್ಸೈಡ್ ಲೇಸರ್. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಸಿ. ಕುಮಾರ್ ಎನ್. ಪಟೇಲ್. ಅವರು ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಈ ಕಿರಣವನ್ನು ಚರ್ಮದೊಳಗಿನ ನೀರು ಹೀರಿಕೊಳ್ಳುತ್ತದೆ. ಆ ನೀರು ಕ್ಷಣದಲ್ಲಿ ಆವಿಯಾಗಿ, ಕಿರಣ ಬಿದ್ದ ಜಾಗದ ಚರ್ಮ ಸುಟ್ಟುಹೋಗುತ್ತದೆ. ಹಳೆಯ ವಿಧಾನದಲ್ಲಿ ಮೇಲ್ಪದರವನ್ನು ಪೂರ್ತಿ ತೆಗೆಯುತ್ತಿದ್ದರು. 2004ರಲ್ಲಿ ಪ್ರಕಟವಾದ ಫ್ರ್ಯಾಕ್ಷನಲ್ ವಿಧಾನದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆಗಳಾಗಿ ಸುಡುತ್ತಾರೆ. ಚುಕ್ಕೆಗಳ ನಡುವೆ ಉಳಿದ ಒಳ್ಳೆಯ ಚರ್ಮದಿಂದ ಗಾಯ ಬೇಗ ಮುಚ್ಚುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ.

ಅಂದರೆ ಲೇಸರ್ ಎಂಬುದು ಲೆಕ್ಕ ಹಾಕಿ ಮಾಡಿದ ಸುಟ್ಟಗಾಯ. ಲೇಸರ್ ಗಾಯ ಮಾಡುತ್ತದೆ, ಕಲೆಯ ಗುಳಿಯನ್ನು ತುಂಬುವುದು ದೇಹ ತಾನಾಗಿ ಕಟ್ಟುವ ಹೊಸ ಚರ್ಮ. ನಮ್ಮ ಯುನಾನಿ ಶಾಸ್ತ್ರದಲ್ಲಿ ಇದಕ್ಕೆ ತಬೀಅತ್ ಎಂಬ ಮಾತಿದೆ. ಅಲ್ಲಾಹನು ದೇಹದಲ್ಲಿಟ್ಟಿರುವ, ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಅದು. ವೈದ್ಯ ಅದಕ್ಕೆ ಸಹಾಯಕ ಮಾತ್ರ. ಮನೆಯವರೂ ಸಹಾಯಕರಾಗಬೇಕು, ಅಡ್ಡಿಯಾಗಬಾರದು.

ದಿನಗಳ ಲೆಕ್ಕ

ಮೊದಲ ಮೂರು ದಿನ ಮುಖ ಕೆಂಪಾಗಿ ಊದಿಕೊಳ್ಳುತ್ತದೆ, ಉರಿಯುತ್ತದೆ. ಸ್ವಲ್ಪ ನೀರು ಒಸರಬಹುದು. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿದರೆ ಊತ ಕಡಿಮೆಯಾಗುತ್ತದೆ. ಮೂರನೆಯ ದಿನದಿಂದ ಚರ್ಮ ಕಂದಾಗಿ, ಒರಟಾಗಿ, ಸಣ್ಣ ಹಕ್ಕಳೆಗಳು ಕಟ್ಟುತ್ತವೆ, ತುರಿಕೆ ಬರುತ್ತದೆ. ಹಕ್ಕಳೆ ತಾನಾಗಿ ಉದುರಬೇಕು. ಉಗುರಿನಿಂದ ಕಿತ್ತರೆ ಹೊಸ ಕಲೆ ಆಗುತ್ತದೆ. ಫ್ರ್ಯಾಕ್ಷನಲ್ ವಿಧಾನದಲ್ಲಿ ಸುಮಾರು ಒಂದು ವಾರದಲ್ಲಿ ಗಾಯ ಮುಚ್ಚುತ್ತದೆ. ಮೇಲ್ಪದರ ಪೂರ್ತಿ ತೆಗೆದಿದ್ದರೆ ಎರಡು ವಾರವಾದರೂ ಬೇಕು. ಅನಂತರ ಕಾಣುವ ಗುಲಾಬಿ ಬಣ್ಣ ಇಳಿಯಲು ಕೆಲವು ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಒಳಗಡೆ ಹೊಸ ಕೊಲಾಜೆನ್ ಕಟ್ಟುವ ಕೆಲಸ ಮೂರರಿಂದ ಆರು ತಿಂಗಳು ನಡೆಯುತ್ತದೆ. ಫಲ ಬಂತೋ ಇಲ್ಲವೋ ಎಂದು ಕನ್ನಡಿಯಲ್ಲಿ ನೋಡಿ ತೀರ್ಮಾನಿಸುವ ಕಾಲ ಅದು. ಎರಡನೆಯ ವಾರದಲ್ಲೇ ನಿರಾಶರಾಗಬೇಡಿ.

ಇನ್ನೊಂದು ಮಾತನ್ನು ವಿಶೇಷವಾಗಿ ನೆನಪಿಡಿ. ನಮ್ಮಂಥ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮ ಗಾಯವಾದಾಗ ಹೆಚ್ಚು ಬಣ್ಣ ಸುರಿಸುತ್ತದೆ. ಗಾಯ ಮಾಯ್ದು, ಎಲ್ಲ ಸರಿಯಾಯಿತು ಎಂದುಕೊಂಡ ಮೇಲೆ, ಮೂರು ನಾಲ್ಕನೆಯ ವಾರದ ಸುಮಾರಿಗೆ ಕೆಲವರ ಮುಖ ಕಪ್ಪಾಗತೊಡಗುತ್ತದೆ. ಮನೆಯವರು ‘ಲೇಸರ್ ಮುಖ ಸುಟ್ಟಿತು’ ಎಂದು ಗಾಬರಿಯಾಗುತ್ತಾರೆ. ಸರಿಯಾದ ಆರೈಕೆ ಇದ್ದರೆ ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಇದನ್ನು ಹೆಚ್ಚಿಸುವ ಮುಖ್ಯ ಕಾರಣಗಳು ಬಿಸಿಲು, ಬಿಸಿ ಮತ್ತು ಸಿಕ್ಕಿದ್ದನ್ನೆಲ್ಲ ಹಚ್ಚುವುದು. ಮೂರೂ ನಮ್ಮ ಕೈಯಲ್ಲೇ ಇವೆ.

ಏನು ಹಚ್ಚಬೇಕು, ಏನು ಹಚ್ಚಬಾರದು

ಗಾಯ ಮುಚ್ಚುವವರೆಗೆ ಹೆಚ್ಚಾಗಿ ಬೇಕಾಗುವುದು ಬಿಳಿ ವ್ಯಾಸಲೀನ್‌ನಂಥ ಸರಳ, ಸುವಾಸನೆ ಇಲ್ಲದ ಮುಲಾಮು. ಕೈ ತೊಳೆದುಕೊಂಡು, ಒತ್ತದೆ, ತೆಳುವಾಗಿ, ದಿನಕ್ಕೆ ಹಲವು ಸಲ ಹಚ್ಚಬೇಕು. ಗಾಯ ಒಣಗಿದರೆ ಬೇಗ ಮಾಯುತ್ತದೆ ಎಂಬ ನಂಬಿಕೆ ತಪ್ಪು. ತೇವವಾಗಿಟ್ಟ ಗಾಯವೇ ಬೇಗ ಮತ್ತು ಚೆನ್ನಾಗಿ ಮಾಯುತ್ತದೆ. ಮುಖ ತೊಳೆಯಲು ನಮ್ಮ ಬೋರ್‌ವೆಲ್‌ನ ಗಡಸು ನೀರಿಗಿಂತ ಕುದಿಸಿ ಆರಿಸಿದ ನೀರು ಒಳ್ಳೆಯದು. ಟವೆಲ್‌ನಿಂದ ಉಜ್ಜದೆ, ಒಗೆದ ಹತ್ತಿಬಟ್ಟೆಯಿಂದ ಮೆಲ್ಲಗೆ ಒತ್ತಿ ಒರೆಸಿ.

ಇನ್ನು ಹಚ್ಚಬಾರದ್ದು. ಅರಿಶಿನ, ಕಡಲೆಹಿಟ್ಟು, ನಿಂಬೆರಸ, ಗುಲಾಬ್ ಜಲ, ಅತ್ತರು ಯಾವುದೂ ಬೇಡ. ಕಲೋಂಜಿ ಎಣ್ಣೆಯೂ ಬೇಡ. ಹಸಿ ಚರ್ಮಕ್ಕೆ ಅದು ಅಲರ್ಜಿ ತರಬಲ್ಲದು. ಜೇನಿನ ಬಗ್ಗೆ ನಮ್ಮೆಲ್ಲರಿಗೂ ಗೌರವವಿದೆ, ಸುಟ್ಟಗಾಯಕ್ಕೆ ಆಸ್ಪತ್ರೆಗಳಲ್ಲಿಯೂ ಜೇನು ಬಳಸುತ್ತಾರೆ. ಆದರೆ ಅದು ಸೂಕ್ಷ್ಮಾಣು ಇಲ್ಲದಂತೆ ಶುದ್ಧಗೊಳಿಸಿದ ಜೇನು, ಅಡುಗೆಮನೆಯ ಸೀಸೆಯದ್ದಲ್ಲ. ನಮ್ಮ ಯುನಾನಿ ಉಬ್ಟನ್, ಲೇಪ, ಮರ್ಹಮ್‌ಗಳನ್ನೂ ಲೇಸರ್ ಆದ ಹಸಿ ಮುಖಕ್ಕೆ ಹಚ್ಚಬೇಡಿ. ಇದನ್ನು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಪ್ರತಿ ಔಷಧಕ್ಕೂ ಅದರ ಕಾಲ, ಅದರ ಜಾಗ ಇದೆ. ಉಬ್ಟನ್ ಬೇಕೆನಿಸಿದರೆ ಮೂರು ತಿಂಗಳು ಕಳೆದ ಮೇಲೆ, ಲೇಸರ್ ಮಾಡಿದ ವೈದ್ಯರನ್ನು ಕೇಳಿ ನಿರ್ಧರಿಸಿ.

ಮೆಡಿಕಲ್ ಶಾಪಿನಲ್ಲಿ ಸಿಗುವ, ಬೆಳ್ಳಗಾಗಲು ಎಂದು ಹಚ್ಚುವ ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಇವು ಚರ್ಮವನ್ನು ತೆಳ್ಳಗೆ ಮಾಡುತ್ತವೆ, ಸೋಂಕಿಗೆ ದಾರಿ ಮಾಡಿಕೊಡುತ್ತವೆ. ಇದೇ ಕಾರಣಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ 2018ರ ಮಾರ್ಚ್‌ನಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಆದರೂ ಹೆಸರು ಹೇಳಿ ಕೊಳ್ಳುವ ರೂಢಿ ನಿಂತಿಲ್ಲ. ನೀವು ಇಂಥ ಕ್ರೀಮನ್ನು ಹಚ್ಚುತ್ತಿದ್ದರೆ ಲೇಸರ್‌ಗೆ ಮುಂಚೆಯೇ ವೈದ್ಯರಿಗೆ ಹೇಳಿ, ಮುಚ್ಚಿಡಬೇಡಿ. ತುಟಿಯ ಬಳಿ ಆಗಾಗ ನೀರುಗುಳ್ಳೆ ಏಳುವುದು, ಸಕ್ಕರೆ ಕಾಯಿಲೆ, ಗಾಯ ಗಂಟುಗಟ್ಟುವ ಗುಣ, ಮೊಡವೆಗೆ ನುಂಗುತ್ತಿರುವ ಮಾತ್ರೆ ಇವನ್ನೂ ಹೇಳಬೇಕು. ಮಾಡಿಸಿಕೊಳ್ಳುವವರು ಹುಡುಗರಾದರೆ ಗುಟ್ಕಾ, ಸಿಗರೇಟು ಬಿಡಲೇಬೇಕು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸಿ ಗಾಯ ಮಾಯುವುದನ್ನು ತಡಮಾಡುತ್ತದೆ.

ವುಝೂ, ಸಜ್ದಾ ಮತ್ತು ನಿಕಾಬ್

ದಿನಕ್ಕೆ ಐದು ಹೊತ್ತು ಮುಖ ತೊಳೆಯುವವರು ನಾವು. ಆದ್ದರಿಂದ ಇದನ್ನು ಮೊದಲೇ ವೈದ್ಯರ ಬಳಿ ಕೇಳಿಕೊಳ್ಳಬೇಕು: ಎಷ್ಟು ದಿನ ನೀರು ತಾಗಬಾರದು? ತಾಗಿದರೆ ಎಷ್ಟು ಸಲ? ನೀರಿನಿಂದ ಹಾನಿಯಾಗುವ ಗಾಯಕ್ಕೆ ಶರೀಅತ್‌ನಲ್ಲಿ ರಿಯಾಯಿತಿ ಇದೆ. ಆದರೆ ಮಣ್ಣು ಮುಟ್ಟಿದ ಕೈಯನ್ನು ಹಸಿ ಮುಖದ ಮೇಲೆ ಸವರುವುದೂ ಗಾಯಕ್ಕೆ ಒಳ್ಳೆಯದಲ್ಲ. ಆದ್ದರಿಂದ ವೈದ್ಯರು ಹೇಳಿದ್ದನ್ನು ಹಾಗೆಯೇ ಮೌಲಾನಾರ ಮುಂದಿಟ್ಟು, ಮುಖದ ಗಾಯಕ್ಕೆ ಏನು ಮಾಡಬೇಕೆಂದು ಕೇಳಿ ನಡೆಯಿರಿ. ಸಂಕೋಚದಿಂದ ಮುಖ ಉಜ್ಜಿ ತೊಳೆದು ಗಾಯ ಕೆಡಿಸಿಕೊಳ್ಳುವುದು ಬೇಡ, ಗೊಂದಲದಿಂದ ನಮಾಝ್ ಬಿಡುವುದೂ ಬೇಡ. ಹಣೆಗೆ ಲೇಸರ್ ಆಗಿದ್ದರೆ ಸಜ್ದಾದ ಜಾಗದಲ್ಲಿ ದಿನಾ ಒಗೆದ ಮೆತ್ತನೆಯ ಬಟ್ಟೆ ಹಾಸಿಕೊಳ್ಳಿ.

ನಿಕಾಬ್ ಬಿಸಿಲನ್ನು ತಡೆಯುತ್ತದೆ ನಿಜ, ಆದರೆ ಹಸಿ ಚರ್ಮಕ್ಕೆ ಸಿಂಥೆಟಿಕ್ ಬಟ್ಟೆ ಉಜ್ಜಿ, ಬೆವರು ಹಿಡಿಸುತ್ತದೆ. ಆ ದಿನಗಳಲ್ಲಿ ಸಡಿಲವಾದ ಹತ್ತಿಬಟ್ಟೆಯದ್ದು ಇರಲಿ, ದಿನಾ ಬದಲಾಯಿಸಿ. ಚರ್ಮ ಮುಚ್ಚಿದ ಮೇಲೆ ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚಿನ ಸನ್‌ಸ್ಕ್ರೀನ್ ಬೇಕು. ಸತುವಿನ ಆಕ್ಸೈಡ್ ಇರುವಂಥದ್ದು ಹೊಸ ಚರ್ಮಕ್ಕೆ ಸೌಮ್ಯ. ಹೊರಗಿದ್ದರೆ ಎರಡು ಮೂರು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಕಡಿಮೆಯೆಂದರೂ ಮೂರು ತಿಂಗಳು ಇದು ತಪ್ಪಬಾರದು.

ಮನೆಯವರಿಗೆ ಒಂದು ಮಾತು

ಈ ಲೇಖನ ಬರೆಯಲು ನಿಜವಾದ ಕಾರಣ ಇದು. ನಮ್ಮಲ್ಲಿ ಲೇಸರ್‌ಗೆ ಹೋಗುವ ಹೆಣ್ಣುಮಕ್ಕಳಲ್ಲಿ ಅನೇಕರು ನಿಕಾಹ್‌ನ ದಿನ ಗೊತ್ತಾದ ಮೇಲೆ ಹೋಗುವವರು. ಗಂಡಿನ ಕಡೆಯವರು ಏನಾದರೂ ಅಂದಾರು ಎಂದು ತಾಯಿ ತಂದೆ ಸಾಲ ಮಾಡಿಯಾದರೂ ಹಣ ಹೊಂದಿಸುತ್ತಾರೆ. ಆದರೆ ಮರುದಿನವೇ ಹುಡುಗಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿರುತ್ತಾಳೆ. ಬೆಂಕಿಯ ಝಳ ನೇರ ಮುಖಕ್ಕೆ. ಒಗ್ಗರಣೆಯ ಮೆಣಸಿನ ಘಾಟು, ಹೊಲದ ಧೂಳು, ಅಂಗಳದ ಬಿಸಿಲು ಯಾವುದೂ ತಪ್ಪುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟ ಮನೆ ಹತ್ತು ದಿನದ ವಿಶ್ರಾಂತಿ ಕೊಡುವುದಿಲ್ಲ. ಕೊನೆಗೆ ಮುಖ ಕಪ್ಪಾದರೆ ಅವಳನ್ನೇ ದೂರುತ್ತಾರೆ, ‘ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂದು.

ತಾಯಂದಿರೇ, ಅತ್ತೆಯಂದಿರೇ, ಲೇಸರ್ ಮಾಡಿಸುವುದಾದರೆ ಹತ್ತು ದಿನ ಅವಳನ್ನು ಒಲೆಯಿಂದ, ಹೊಲದಿಂದ ಬಿಡಿಸಿ. ಆ ಕೆಲಸವನ್ನು ಮನೆಯ ಗಂಡಸರೂ ಸೇರಿ ಹಂಚಿಕೊಳ್ಳಿ. ಮಾರ್ಚ್‌ನಿಂದ ಮೇವರೆಗಿನ ನಮ್ಮ ಭಾಗದ ಬಿಸಿಲಿನಲ್ಲಿ ಮಾಡಿಸಬೇಡಿ, ಚಳಿಗಾಲ ವಾಸಿ. ಮದುವೆಗೆ ಮೂರು ತಿಂಗಳಿಗಿಂತ ಕಡಿಮೆ ಸಮಯ ಇದ್ದರೆ ಖಂಡಿತ ಬೇಡ. ಕಲೆ ಪೂರ್ತಿ ಹೋಗುತ್ತದೆ ಎಂಬ ಭರವಸೆಯನ್ನೂ ನಂಬಬೇಡಿ. ಗುಳಿಗಳು ತಿಳಿಯಾಗುತ್ತವೆ, ಅದಕ್ಕೂ ತಿಂಗಳ ಅಂತರದಲ್ಲಿ ಹಲವು ಸಲ ಮಾಡಿಸಬೇಕಾಗಬಹುದು. ಕೆನ್ನೆಯ ಮೇಲಿನ ಬಂಗು ಬೇರೆಯದೇ ಕಾಯಿಲೆ. ನಮ್ಮ ಬಣ್ಣದ ಚರ್ಮದಲ್ಲಿ ಇಂಥ ಲೇಸರ್‌ನಿಂದ ಅದು ಹೆಚ್ಚಾಗುವ ಅಪಾಯವಿದೆ.

ಗಂಡಿನ ಕಡೆಯವರಿಗೂ ಒಂದು ಮಾತು. ಮೊಡವೆಯ ಗುಳಿ ರೋಗವಲ್ಲ, ದೋಷವೂ ಅಲ್ಲ. ಕಲೆಯಿಂದ ಮನಸ್ಸಿಗೆ ನೋವಾಗಿ, ಸುಟ್ಟ ಗುರುತಿನಿಂದ ಚರ್ಮ ಬಿಗಿದು ತೊಂದರೆಯಾಗಿ, ತಾನಾಗಿ ಚಿಕಿತ್ಸೆ ಬಯಸುವವರು ಪಡೆಯಲಿ. ನಿಮ್ಮ ಒಂದು ಮಾತಿಗೆ ಹೆದರಿ ಯಾವ ಹುಡುಗಿಯೂ ತನ್ನ ಮುಖ ಸುಡಿಸಿಕೊಳ್ಳುವಂತಾಗಬಾರದು.

ಯಾವಾಗ ತಡಮಾಡಬಾರದು

ದಿನದಿಂದ ದಿನಕ್ಕೆ ಕಡಿಮೆಯಾಗಬೇಕಾದ ನೋವು ಹೆಚ್ಚಾದರೆ, ಹಳದಿ ಕೀವು ಬಂದರೆ, ಜ್ವರ ಬಂದರೆ, ಗುಂಪು ಗುಂಪಾಗಿ ಸಣ್ಣ ನೀರುಗುಳ್ಳೆ ಎದ್ದರೆ, ಕಣ್ಣು ಕೆಂಪಾಗಿ ನೋವಾದರೆ ಅದೇ ದಿನ ಲೇಸರ್ ಮಾಡಿದ ವೈದ್ಯರ ಬಳಿಗೆ ಹೋಗಿ. ದೂರವಾಯಿತು ಎಂದು ಮೆಡಿಕಲ್ ಶಾಪಿನಲ್ಲಿ ಕ್ರೀಮ್ ಕೇಳಬೇಡಿ. ಅಷ್ಟು ದೂರ ಹೋಗಲಾಗದಿದ್ದರೆ ಗದಗದ ಜಿಮ್ಸ್ ಆಸ್ಪತ್ರೆಗಾದರೂ ಹೋಗಿ. ಹಣ ಕಟ್ಟುವ ಮೊದಲೇ ವೈದ್ಯರ ಪದವಿ ಏನು, ಯಂತ್ರ ಹಿಡಿಯುವವರು ಅವರೋ ಸಹಾಯಕರೋ, ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಉತ್ತರ ಕೊಡಲು ಬೇಸರಪಡುವ ಜಾಗ ನಿಮಗೆ ಬೇಡ.

ಆರೋಗ್ಯ ಅಲ್ಲಾಹನು ಕೊಟ್ಟ ಅಮಾನತ್ತು. ಚಿಕಿತ್ಸೆ ಮಾಡಿಸಿಕೊಂಡ ಎಲ್ಲರಿಗೂ ಅವನು ಪೂರ್ಣ ಶಿಫಾ ನೀಡಲಿ, ಅವರ ಮನೆಯವರಿಗೆ ತಾಳ್ಮೆ ನೀಡಲಿ.