ವಾಂತಿ ಮಾತ್ರೆಯಲ್ಲಿ ಉಳಿಸಲು ಹೋಗಿ



ಸೊಸೈಟಿ ಸಾಲಕ್ಕೆ ವಾಯಿದೆ ಕೇಳಬಹುದು. ಕೀಮೋ ದಿನಕ್ಕೆ ವಾಯಿದೆ ಇಲ್ಲ. ನಾನು ಕೇಳಿ ಕೆಟ್ಟವನು, ಅದಕ್ಕೇ ಬರೀತಿದ್ದೀನಿ.

ನನಗೆ ಬಂದದ್ದು ಲಿಂಫೋಮಾ, ರಕ್ತದ ಬಿಳಿಕಣಗಳಲ್ಲಿ ಹುಟ್ಟುವ ಕ್ಯಾನ್ಸರ್. 21 ದಿನಕ್ಕೊಂದರಂತೆ ಆರು ಸಲ ಔಷಧಿ ಏರಿಸಬೇಕೆಂದರು. ಆ ಔಷಧಿ ಒಳ್ಳೆಯ ಕಣಗಳನ್ನೂ ಸುಡುತ್ತದೆ. ಅವು ಚೇತರಿಸಿಕೊಳ್ಳಲು ಇಷ್ಟು ದಿನ ಬೇಕು. ಅದಕ್ಕೂ ಮೀರಿದರೆ ಚೇತರಿಸಿಕೊಳ್ಳುವುದು ರೋಗ. ದಿನ ಮುಂದೆ ಹಾಕುವುದಿದ್ದರೆ ರಕ್ತ ಪರೀಕ್ಷೆ ನೋಡಿ ಡಾಕ್ಟರು ಹಾಕಬೇಕು, ನಮ್ಮ ಜೇಬು ನೋಡಿ ನಾವಲ್ಲ.

ಮೊದಲ ಸಲ ಚೀಟಿಯ ಕೊನೆಯಲ್ಲಿ ಬರೆದಿದ್ದ ವಾಂತಿ ಮಾತ್ರೆಗಳನ್ನು ಬಿಟ್ಟೆ. ಬಂದರೆ ನೋಡಿಕೊಳ್ಳೋಣ ಅಂತ. ಬಂತು. ಮೂರು ದಿನ ಗಂಜಿಯೂ ನಿಲ್ಲಲಿಲ್ಲ. ಐದು ದಿನ ನುಂಗಬೇಕಾದ ಪ್ರೆಡ್ನಿಸೋಲೋನ್ ಚಿಕಿತ್ಸೆಯದೇ ಒಂದು ಭಾಗ, ಅದೂ ಆಚೆಗೆ ಬಂತು. ಕಡೆಗೆ ಪಟ್ಟಣದಲ್ಲಿ ಗ್ಲೂಕೋಸ್ ಹಾಕಿಸಿಕೊಂಡೆ; ಉಳಿಸಿದ್ದರ ಹತ್ತರಷ್ಟು ಹೋಯಿತು. ಎರಡನೆಯ ಸರದಿಗೆ ಮೈಯೂ ಇಲ್ಲ, ದುಡ್ಡೂ ಇಲ್ಲ. ಒಂಬತ್ತು ದಿನ ತಡವಾಗಿ ಹೋಗಿ ಬೈಸಿಕೊಂಡೆ.

ಭತ್ತಕ್ಕೆ ಬೆಂಕಿರೋಗ ಹಬ್ಬಿದ ಮೇಲೆ ಔಷಧಿ ಹೊಡೆದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಇದೂ ಹಾಗೇ. ವಾಂತಿ ಮಾತ್ರೆ ಕೀಮೋಗೆ ಮೊದಲೇ ಹೊಟ್ಟೆ ಸೇರಬೇಕು, ಆಮೇಲೂ ಹೇಳಿದಷ್ಟು ದಿನ ಗಂಟೆ ತಪ್ಪದೆ ನುಂಗಬೇಕು. ಒಂಡಾನ್ಸೆಟ್ರಾನ್ ದುಬಾರಿಯಲ್ಲ, ಅದರ ಬೆಲೆಗೆ ಸರ್ಕಾರದ ಮಿತಿಯಿದೆ. (ಮಲ ಕಟ್ಟುತ್ತದೆ, ನಾಚದೆ ಡಾಕ್ಟರಿಗೆ ಹೇಳಿ.) ಅಪ್ರೆಪಿಟೆಂಟ್ ಅನ್ನುವ ಮೂರು ದಿನದ ಮಾತ್ರೆಗೆ ಮಾತ್ರ ನೂರಾರು ರೂಪಾಯಿ. ಕಂಪನಿ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆಯಿರಿ ಅಂತ ಡಾಕ್ಟರನ್ನು ಕೇಳಿ, ಮೊದಲು ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ನನಗೆ ಓಲಾಂಜಪೀನ್ ಬರೆದರು, ಬಲು ಅಗ್ಗ. ಅಂಗಡಿಯವನು "ಇದು ತಲೆ ಕೆಟ್ಟವರ ಮಾತ್ರೆ" ಅಂದ. ಆ ಕಾಯಿಲೆಗೂ ಕೊಡುತ್ತಾರೆ, ನಿಜ. ಆದರೆ ವಾಂತಿ ತಡೆಯಲು ಅದರ 2.5 ಮಿಲಿಗ್ರಾಂ ಕೂಡ 10 ಮಿಲಿಗ್ರಾಂನಷ್ಟೇ ಸಾಕೆಂದು ಮುಂಬಯಿಯ ಟಾಟಾ ಆಸ್ಪತ್ರೆಯವರು ಸ್ತನ ಕ್ಯಾನ್ಸರಿನಂಥ ಬೇರೆ ಕ್ಯಾನ್ಸರಿನವರಲ್ಲಿ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ್ದಾರೆ. ನಿದ್ದೆ ತರುತ್ತದೆ, ರಾತ್ರಿ ನುಂಗಿ ಮಲಗುತ್ತೇನೆ. ನೀವಾಗಿ ಕೊಂಡು ನುಂಗಬೇಡಿ, ಕೇಳಿ ನುಂಗಿ.

ಇನ್ನು ದುಡ್ಡಿನ ಮಾತು. 2018ರ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇಟ್ಟರು. ಎಪಿಎಲ್ ಕಾರ್ಡಿನವನಿಗೆ ಪ್ಯಾಕೇಜ್ ದರದ 30 ಭಾಗ ಮಾತ್ರ, ಒಂದೂವರೆ ಲಕ್ಷದ ಒಳಗೆ. ಪಹಣಿ ಇದ್ದವನ ಪೆಟ್ಟಿಗೆಯಲ್ಲಿ ಕಾಸಿದೆ ಅಂತ ಇವರಿಗೆ ಹೇಳಿದವರು ಯಾರು ಸ್ವಾಮಿ? ಕಬ್ಬು ಸಾಗಿಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15 ಭಾಗ ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ನನ್ನ ಬಾಕಿ ಬರುವಷ್ಟರಲ್ಲಿ ನಾಲ್ಕು ಕೀಮೋ ಮುಗಿದಿದ್ದವು. ಬಡ್ಡಿ ಬರಲೇ ಇಲ್ಲ. ಮುಂದಿನ ಸಲ ಕಾರ್ಖಾನೆ ಬಾಗಿಲಲ್ಲಿ ಕೂರುವಾಗ, ಊರಲ್ಲಿ ಇಂಥ ರೋಗಿ ಇದ್ದರೆ, ಅವರ ಕೀಮೋ ದಿನಗಳ ಚೀಟಿಯನ್ನೂ ಹಿಡಿದು ಕೂರಿ. ಅವರ ಬಾಕಿ ಮೊದಲು ಚುಕ್ತಾ ಆಗಲಿ ಅನ್ನಿ.

ಇನ್ನೊಂದು ಮರೆತಿದ್ದೆ. ಕೀಮೋ ಆದ ವಾರ ಹದಿನೈದು ದಿನದಲ್ಲಿ ಜ್ವರ 100.4 ಮುಟ್ಟಿದರೆ ಕಷಾಯ ಕುಡಿದು ಬೆಳಗಿನವರೆಗೆ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ನಾಳಿದ್ದು ನನ್ನ ಐದನೆಯ ಸರದಿ. ಮಾತ್ರೆ ಈಗಲೇ ಚೀಲದಲ್ಲಿದೆ. ಬಸ್ಸು ಐದೂವರೆಗೆ.