ಕಾಗದ ಚೂರು ಮಾಡುವ ಯಂತ್ರವನ್ನು ಕೊಳ್ಳುವ ಮುನ್ನ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ಬೀದಿಬದಿಯ ಗಾಡಿಯೊಂದರಲ್ಲಿ ನಾವು ಹುರಿದ ಶೇಂಗಾ ಕೊಂಡೆವು. ತಿಂದು ಮುಗಿಸಿ ಪೊಟ್ಟಣದ ಕಾಗದವನ್ನು ಬಿಡಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಅದು ಸಾಲದ ಅರ್ಜಿಯ ಒಂದು ಹಾಳೆ. ಅರ್ಜಿದಾರರ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಉಳಿತಾಯ ಖಾತೆಯ ಸಂಖ್ಯೆ, ಕೆಳಗೆ ಸಹಿ, ಎಲ್ಲವೂ ಸ್ಪಷ್ಟವಾಗಿದ್ದವು. ಮೊಹರನ್ನು ಓದಿದಾಗಲಂತೂ ತಲೆ ತಗ್ಗಿಸುವಂತಾಯಿತು. ನಾವೇ ಆಡಳಿತ ಮಂಡಳಿಯಲ್ಲಿದ್ದ ಪತ್ತಿನ ಸಹಕಾರ ಸಂಘದ ಮೊಹರು ಅದು! ಮಗಳ ಮದುವೆಗೆ ಸಾಲ ಕೇಳಿದ ಸಂಗತಿಯನ್ನು ಆ ತಾಯಿ ನೆರೆಮನೆಯವರಿಗೂ ಹೇಳಿರಲಿಕ್ಕಿಲ್ಲ. ಹಳೆಯ ಕಾಗದಗಳನ್ನು ತೂಕದ ಲೆಕ್ಕದಲ್ಲಿ ರದ್ದಿಗೆ ಹಾಕಿ, ನಾವು ಅದನ್ನು ಬೀದಿಗೆ ತಂದಿದ್ದೆವು.

ಮುಂದಿನ ಸಭೆಯಲ್ಲಿ ಕಾಗದ ಚೂರು ಮಾಡುವ ಯಂತ್ರ, ಅಂದರೆ ಶ್ರೆಡ್ಡರ್ ಕೊಳ್ಳಬೇಕೆಂದು ತೀರ್ಮಾನವಾಯಿತು. ಅಗ್ಗದ್ದೊಂದು ಸಾಕು ಎಂದವರೇ ಹೆಚ್ಚು. ನಾವೂ ಹಾಗೆಯೇ ಎಣಿಸಿದ್ದೆವು. ವಿಚಾರಿಸುತ್ತ ಹೋದಂತೆ ನಮ್ಮ ಎಣಿಕೆ ತಪ್ಪೆಂದು ತಿಳಿಯಿತು. ಅಂಗಡಿ, ಸಂಘ, ಶಾಲೆ, ವಕೀಲರ ಕಚೇರಿಗಳನ್ನು ನಡೆಸುವ ಓದುಗ ಬಂಧುಗಳಿಗೆ ಉಪಯೋಗವಾದೀತೆಂದು ತಿಳಿದುದನ್ನು ಇಲ್ಲಿ ಹೇಳುತ್ತಿದ್ದೇವೆ.

ಈ ಯಂತ್ರದ ಕಲ್ಪನೆಗೆ 1909ರಲ್ಲಿಯೇ ಅಮೆರಿಕದ ಅಬಟ್ ಅಗಸ್ಟಸ್ ಲೋ ಎಂಬುವರು ಪೇಟೆಂಟ್ ಪಡೆದಿದ್ದರು. 1935ರ ಸುಮಾರಿಗೆ ಜರ್ಮನಿಯ ಅಡಾಲ್ಫ್ ಎಹಿಂಗರ್ ಅವರು, ಹಿಟ್ಟನ್ನು ಶ್ಯಾವಿಗೆಯಂತಹ ಎಳೆಗಳಾಗಿ ಕತ್ತರಿಸುವ ಅಡುಗೆಮನೆಯ ಕೈಯಂತ್ರವನ್ನು ಕಂಡು ತಮ್ಮ ಯಂತ್ರವನ್ನು ರೂಪಿಸಿದರೆಂದು ಹೇಳುತ್ತಾರೆ. ಇಂದಿಗೂ ಅಗ್ಗದ ಯಂತ್ರಗಳು ಮಾಡುವುದು ಶ್ಯಾವಿಗೆಯನ್ನೇ. ಅವು ಕಾಗದವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳುತ್ತವೆ. ಅಂತಹ ಪಟ್ಟಿಗಳನ್ನು ಮತ್ತೆ ಜೋಡಿಸಬಹುದು. 1979ರಲ್ಲಿ ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿ ವಶವಾದಾಗ, ಅಲ್ಲಿ ಸೀಳಿಹಾಕಿದ್ದ ಗುಪ್ತ ಪತ್ರಗಳನ್ನು ಇರಾನಿನವರು ತಾಳ್ಮೆಯಿಂದ ಜೋಡಿಸಿ ಪುಸ್ತಕಗಳಾಗಿಯೇ ಪ್ರಕಟಿಸಿದರು.

ಆದುದರಿಂದ ಮೊದಲು ನೋಡಬೇಕಾದುದು ಚೂರಿನ ಗಾತ್ರ. ಇದಕ್ಕೆ 2012ರಲ್ಲಿ ಜರ್ಮನಿ ರೂಪಿಸಿದ ಮಾನದಂಡವೊಂದಿದೆ. ಅದೇ ಮುಂದೆ ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಅದರಲ್ಲಿ ಕಾಗದಕ್ಕೆ ಪಿ-1ರಿಂದ ಪಿ-7ರವರೆಗೆ ಏಳು ಹಂತಗಳು. ಪಿ-1, ಪಿ-2 ಯಂತ್ರಗಳ ಪಟ್ಟಿಗಳು ಹಳೆಯ ಕರಪತ್ರಗಳಿಗೆ ಸಾಕು, ಜನರ ಹೆಸರಿರುವ ಕಾಗದಕ್ಕೆ ಸಲ್ಲವು. ಪಿ-4 ಹಂತದಲ್ಲಿ ಅಡ್ಡಲಾಗಿಯೂ ಕತ್ತರಿಸುವುದರಿಂದ ಪ್ರತಿ ಚೂರು 160 ಚದರ ಮಿಲಿಮೀಟರನ್ನು ಮೀರುವುದಿಲ್ಲ. ಎ-4 ಹಾಳೆಯೊಂದು ಕಡಿಮೆಯೆಂದರೂ 390 ಚೂರಾಗುತ್ತದೆ. ಪಿ-5 ಹಂತದಲ್ಲಿ ಮಿತಿ 30 ಚದರ ಮಿಲಿಮೀಟರು. ಅದೇ ಹಾಳೆ ಎರಡು ಸಾವಿರಕ್ಕೂ ಹೆಚ್ಚು ಚೂರುಗಳಾಗುತ್ತದೆ. ಸಾಲದ ಅರ್ಜಿ, ಸಂಬಳದ ಪಟ್ಟಿ, ಬ್ಯಾಂಕಿನ ಕಾಗದಗಳಿರುವ ಸಾಮಾನ್ಯ ಕಚೇರಿಗೆ ಪಿ-4 ತಕ್ಕದ್ದು. ಚೂರು ಸಣ್ಣದಾದಷ್ಟೂ ಯಂತ್ರದ ಬೆಲೆ ಏರುತ್ತದೆ, ಒಮ್ಮೆಗೆ ಹಿಡಿಸುವ ಹಾಳೆಗಳು ಕಡಿಮೆಯಾಗುತ್ತವೆ. ಆದ್ದರಿಂದ ಅಗತ್ಯ ಮೀರಿ ಏರುವುದೂ ಬೇಡ.

ಎರಡನೆಯದು, ಯಂತ್ರ ಎಷ್ಟು ಹೊತ್ತು ದುಡಿಯಬಲ್ಲದು ಎಂಬುದು. ಇದನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ಸಣ್ಣ ಯಂತ್ರಗಳು ಕೆಲವೇ ನಿಮಿಷ ಓಡಿ, ಬಿಸಿಯಾಗಿ ನಿಂತುಬಿಡುತ್ತವೆ. ತಣಿಯಲು ಅರ್ಧ ಗಂಟೆ ಬೇಕಾದೀತು. ದಿನಕ್ಕೆ ಹತ್ತಿಪ್ಪತ್ತು ಹಾಳೆಗಳಿದ್ದರೆ ಚಿಂತೆಯಿಲ್ಲ. ಕಪಾಟುಗಟ್ಟಲೆ ಕಡತಗಳಿದ್ದರೆ ಬಹುಹೊತ್ತು ಓಡುವ ಮೋಟಾರು ಬೇಕೇ ಬೇಕು. ಪೆಟ್ಟಿಗೆಯ ಮೇಲೆ ಹತ್ತು ಹಾಳೆ ಎಂದು ಬರೆದಿದ್ದರೆ ಏಳೆಂಟನ್ನು ಮಾತ್ರ ಕೊಡಿರಿ. ತೇವದ ಕಾಗದ, ದಪ್ಪ ಹಾಳೆ ಬೇಗ ಸಿಕ್ಕಿಕೊಳ್ಳುತ್ತವೆ. ಹಿಮ್ಮುಖವಾಗಿ ತಿರುಗಿಸುವ ಗುಂಡಿ ಇದೆಯೇ, ಟಾಚಣಿ ಪಿನ್ನುಗಳನ್ನು ತಾಳುತ್ತದೆಯೇ, ಡಬ್ಬಿ ಎಷ್ಟು ಲೀಟರಿನದು, ದುರಸ್ತಿ ಮಾಡುವವರು ಊರಿನಲ್ಲಿದ್ದಾರೆಯೇ ಎಂದು ಕೇಳಿರಿ. ಅಲಗುಗಳಿಗೆ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಬೇಕು. ಒತ್ತಿದರೆ ಸಿಂಪಡಿಸುವ ಡಬ್ಬಿಗಳನ್ನು ಬಳಸಕೂಡದು, ಅವುಗಳಿಂದ ಬೆಂಕಿ ಹೊತ್ತುವ ಭಯವಿದೆ.

ಸಣ್ಣ ಮಕ್ಕಳು ಕಚೇರಿಗೆ ಬರುವುದುಂಟು. ಅವರ ಬೆರಳು ಬಾಯಿಯೊಳಗೆ ಹೋಗದಷ್ಟು ಸಂದು ಕಿರಿದಾಗಿರಲಿ. ಸೀರೆಯ ಸೆರಗು, ಜಡೆ, ಕೊರಳ ಸರ ಯಂತ್ರದ ಮೇಲೆ ಬಾಗದಂತೆ ಎಚ್ಚರವಿರಲಿ. ಕೆಲಸ ಮುಗಿದ ಕೂಡಲೇ ವಿದ್ಯುತ್ ಸಂಪರ್ಕವನ್ನು ತೆಗೆಯಿರಿ.

ಯಂತ್ರ ಬಂದ ಉತ್ಸಾಹದಲ್ಲಿ ಕಂಡದ್ದನ್ನೆಲ್ಲ ಚೂರು ಮಾಡುವುದು ಇನ್ನೊಂದು ಅನರ್ಥ. 2013ರ ಕಂಪನಿಗಳ ಕಾಯಿದೆಯಂತೆ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳವರೆಗೆ ಇಡಬೇಕು. ಜಿ.ಎಸ್.ಟಿ. ಲೆಕ್ಕಗಳನ್ನು ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಕಾಯಬೇಕು. ವ್ಯಾಜ್ಯದಲ್ಲಿರುವ ಕಾಗದವನ್ನಂತೂ ಮುಟ್ಟಲೇಬಾರದು. ಲೆಕ್ಕಪರಿಶೋಧಕರನ್ನು ಕೇಳಿ, ಏನನ್ನು ಎಂದು ಚೂರು ಮಾಡಿದೆವೆಂದು ವಹಿಯಲ್ಲಿ ಬರೆದಿಡುವುದು ಲೇಸು.

ಆ ಹಾಳೆಯನ್ನು ನಾವು ಆ ತಾಯಿಯ ಮನೆಗೇ ಒಯ್ದು ಕೊಟ್ಟು ಕ್ಷಮೆ ಕೇಳಿದೆವು. ಅವರು ಸಿಟ್ಟಾಗಲಿಲ್ಲ. ಕಾಗದವನ್ನು ಮಡಿಸಿ ಕೈಯಲ್ಲಿ ಹಿಡಿದು, "ಇದೊಂದು ಸಿಕ್ತು. ಉಳಿದ ಹಾಳಿ ಎಲ್ಲಿ ಹೋದುವ್ರೀ ಅಣ್ಣಾರ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಇಂದು ಸಂಘದಲ್ಲಿ ಪಿ-4 ಯಂತ್ರವಿದೆ, ವಹಿಯೂ ಇದೆ. ಆದರೂ ರದ್ದಿಯವನ ತಕ್ಕಡಿಯನ್ನು ಕಂಡಾಗಲೆಲ್ಲ ಆ ಪ್ರಶ್ನೆ ನೆನಪಾಗುತ್ತದೆ. ಬಂಧುಗಳೇ, ನಮ್ಮನ್ನು ನಂಬಿ ಸಹಿ ಹಾಕಿದವರ ಮರ್ಯಾದೆ ಕಾಗದ ಹಳೆಯದಾದ ಮಾತ್ರಕ್ಕೆ ಹಳೆಯದಾಗುವುದಿಲ್ಲ. ಈ ವಾರ ನಿಮ್ಮ ಕಚೇರಿಯ ರದ್ದಿಯ ಚೀಲವನ್ನು ಒಮ್ಮೆ ಬಿಚ್ಚಿ ನೋಡಿರಿ.