ಪರದೇಶದಲ್ಲಿ ಸಂಜೆಯ ಊಟ

ಲಂಡನ್ ನೋಡುವ ಆಸೆಯನ್ನು ಪ್ರತಿ ದೀಪಾವಳಿಗೂ ಹೊಸ ಕಿರ್ದಿಗೆ ಹಳೆಯ ಬಾಕಿ ಬರೆದಂತೆ ಮುಂದಕ್ಕೆ ಹಾಕುತ್ತಲೇ ಬಂದಿದ್ದೆವು. ಕೊನೆಗೆ ಅಂಗಡಿಯ ಚಿಂತೆ ತೀರಿತು. ಮಗ ಗಾದಿಯ ಮೇಲೆ ಕುಳಿತ. ಆದರೆ ಮಾತೋಶ್ರೀಯವರ ಚಿಂತೆಯೇ ಬೇರೆ: ಸೂರ್ಯಾಸ್ತದ ನಂತರ ಉಣ್ಣದ ನಿಯಮ ಪರದೇಶದಲ್ಲಿ ಉಳಿದೀತೆ?

ಚಾತುರ್ಮಾಸಕ್ಕೆ ಮೊದಲೇ ಮರಳುವಂತೆ ಜೂನ್ ತಿಂಗಳಲ್ಲಿ ಹೊರಟೆವು. ಆಗ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 9-20ಕ್ಕೆ! ಡಿಸೆಂಬರಿನಲ್ಲಾದರೆ 4 ಗಂಟೆಗೂ ಮೊದಲೇ. ಹೋಗುವವರು ತಿಂಗಳು ನೋಡಿಯೇ ಟಿಕೀಟು ತೆಗೆಸಿರಿ. ಮಾತೋಶ್ರೀಯವರು ಮಾತ್ರ ಸೊಲ್ಲಾಪುರದ ರೂಢಿಯಂತೆ 6 ಗಂಟೆಗೇ ಕಡಕ್ ಭಾಕರಿ, ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿ ಮುಗಿಸಿ, ಮುಂದೆ ಮೂರು ತಾಸು ಥೇಮ್ಸ್ ದಂಡೆಯ ಬಿಸಿಲಿನಲ್ಲಿ ಹಾಯಾಗಿ ಕೂಡುತ್ತಿದ್ದರು.

ಒಂದು ದಿನ ರೈಲಿನಲ್ಲಿ ಲೆಸ್ಟರ್‌ಗೆ ಹೋದೆವು. ತಾಸಿನ ಮೇಲಿನ ದಾರಿ. ಅಲ್ಲಿ ಹಳೆಯ ಚರ್ಚಿನ ಕಟ್ಟಡವೇ ಜಿನಮಂದಿರವಾಗಿದೆ. 1988ರಲ್ಲಿ ಪ್ರತಿಷ್ಠೆಯಾಯಿತು. ಒಂದೇ ಸೂರಿನಡಿ ದಿಗಂಬರ, ಶ್ವೇತಾಂಬರ ಎರಡೂ ಸಂಪ್ರದಾಯಗಳ ಪೂಜೆ ನಡೆಯುತ್ತದೆ. (ಕ್ಷೇತ್ರಗಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಕಂಡ ನಮ್ಮಂಥವರಿಗೆ ಇದು ಸೋಜಿಗವೇ.) ಮಾತೋಶ್ರೀಯವರು ಜಪಕ್ಕೆ ಕುಳಿತವರು ಏಳಲೊಲ್ಲರು. ಗೊತ್ತುಮಾಡಿದ್ದ ರೈಲು ಬಿಟ್ಟು ಮುಂದಿನದಕ್ಕೆ ಬಂದೆವು.